ಥಿನ್ನರ್ ವಾಸನೆ

ಗ್ಯಾರೇಜಿನಲ್ಲಿ ಎಲ್ಲರೂ ಅವನನ್ನು ಕನ್ನಡಿ ಎಂದೇ ಕರೆಯುತ್ತಿದ್ದರು. ಅವನು ಬಣ್ಣ ಹೊಡೆದ ಕಾರಿನ ಬಾಗಿಲಲ್ಲಿ ಮುಖ ನೋಡಿ ಮೀಸೆ ತಿದ್ದಿಕೊಳ್ಳಬಹುದಿತ್ತು. ನಜ್ಜುಗುಜ್ಜಾದ ತಗಡನ್ನು ಅವನ ಗೆಳೆಯ ಟಿಂಕರ್ ಬಡಿದು ನೇರ ಮಾಡಬೇಕು, ಉಳಿದ ಉಬ್ಬುತಗ್ಗುಗಳ ಮೇಲೆ ಇವನು ಪುಟ್ಟಿ ಮೆತ್ತಿ, ಥಿನ್ನರ್ ಬೆರೆಸಿ ತೆಳುಮಾಡಿದ ಬಣ್ಣ ಹೊಡೆಯಬೇಕು. ಹತ್ತೊಂಬತ್ತು ವರ್ಷ ಹೀಗೇ ನಡೆದಿತ್ತು.

"ನಿನ್ನ ತಪ್ಪೆಲ್ಲ ಮುಚ್ಚೋದೇ ನನ್ನ ಹಣೆಬರಹ ಕಣೋ," ಎನ್ನುತ್ತಿದ್ದ ಕನ್ನಡಿ.

ಕನ್ನಡಿಗೆ ಚಿಕ್ಕಂದಿನಿಂದ ಸಕ್ಕರೆ ಕಾಯಿಲೆ. ಊಟಕ್ಕೆ ಮುಂಚೆ ಅಂಗಿ ಎತ್ತಿ, ಮಾತು ನಿಲ್ಲಿಸದೆ ಹೊಟ್ಟೆಗೆ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದ. ಸೂಜಿ, ಊಟ ಅವನ ಪಾಲಿಗೆ ಜೋಡೆತ್ತು. ಒಂದಿಲ್ಲದಿದ್ದರೆ ಇನ್ನೊಂದಕ್ಕೂ ಕೆಲಸವಿಲ್ಲ.

ಆ ಸೋಮವಾರ ಜ್ವರ, ವಾಂತಿ ಎಂದು ಕೆಲಸಕ್ಕೆ ಬರಲಿಲ್ಲ. ಬುಧವಾರ ಸಂಜೆ ಟಿಂಕರ್ ನೋಡಲು ಹೋದ. ಕನ್ನಡಿ ಗೋಡೆಗೊರಗಿ ಕೂತಿದ್ದ. ಪಕ್ಕದಲ್ಲಿ ಮೂರು ಖಾಲಿ ನೀರಿನ ಬಾಟಲಿ. ಬೆಟ್ಟ ಹತ್ತಿ ಬಂದವನಂತೆ ಏದುಸಿರು.

"ಸೂಜಿ ತಗೊಂಡ್ಯಾ?"

"ಎರಡು ದಿನದಿಂದ ಒಂದು ತುತ್ತೂ ನಿಂತಿಲ್ಲ, ಸೂಜಿ ಯಾರಿಗೆ? ಸಕ್ಕರೆ ಇಳಿದು ಸಾಯಬೇಕಾ?"

ಅವನ ಬಾಯಿಂದ ಗಪ್ಪೆಂದು ವಾಸನೆ ಬಡಿಯಿತು. "ಥಿನ್ನರ್ ಕುಡಿದಿದ್ದೀಯೇನೋ?" ಎಂದ ಟಿಂಕರ್.

"ಆ ನಾತ ಇವರಿಗೆ ಹುಟ್ಟುಗುಣ ಬಿಡಣ್ಣ," ಎಂದಳು ಕನ್ನಡಿಯ ಹೆಂಡತಿ. "ಮದುವೆಯಾದ ವರ್ಷವೇ ನನ್ನ ಮೂಗು ಸತ್ತೋಯ್ತು."

ಮೂವರೂ ನಕ್ಕರು. ಬೆಳಿಗ್ಗೆ ಡಾಕ್ಟರ ಹತ್ತಿರ ಹೋಗೋಣ ಎಂದು ಹೇಳಿ ಟಿಂಕರ್ ಹೊರಟ.

ಬೆಳಿಗ್ಗೆ ಎಷ್ಟು ಅಲುಗಾಡಿಸಿದರೂ ಕನ್ನಡಿ ಕಣ್ಣು ಬಿಡಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಅವನ ಮುಖದ ಹತ್ತಿರ ಬಗ್ಗಿದವರು ಥಟ್ಟನೆ ತಲೆಯೆತ್ತಿದರು.

"ಇನ್ಸುಲಿನ್ ನಿಲ್ಲಿಸಿ ಎಷ್ಟು ದಿನವಾಯ್ತು?"

"ಅದು ಥಿನ್ನರ್ ವಾಸನೆ ಮೇಡಂ. ಪೇಂಟರ್ ಅವನು," ಎಂದ ಟಿಂಕರ್.

"ಪೇಂಟ್ ಮುಟ್ಟಿ ಎಷ್ಟು ದಿನ?"

ಟಿಂಕರ್ ಬೆರಳು ಮಡಚಿ ಎಣಿಸಿದ. ಶನಿವಾರದಿಂದ ಕನ್ನಡಿ ಡಬ್ಬಿಯ ಮುಚ್ಚಳವನ್ನೇ ತೆಗೆದಿರಲಿಲ್ಲ.

ಟಿಂಕರ್‌ನನ್ನೂ ಹೆಂಡತಿಯನ್ನೂ ಹೊರಗೆ ಕೂರಿಸಿ ಡಾಕ್ಟರಮ್ಮ ಹೇಳಿದರು: ಇನ್ಸುಲಿನ್ ಇಲ್ಲದ ದೇಹಕ್ಕೆ ಸಕ್ಕರೆ ದಕ್ಕುವುದಿಲ್ಲ, ಆಗ ದೇಹ ಕೊಬ್ಬನ್ನು ಉರಿಸುತ್ತದೆ. ಅದರಿಂದ ಹುಟ್ಟುವ ಕೀಟೋನ್ ಹೆಚ್ಚಾದರೆ ರಕ್ತ ಆಮ್ಲೀಯವಾಗುತ್ತದೆ. ದಾಹ, ವಾಂತಿ, ಏದುಸಿರು, ಈ ವಾಸನೆ, ಎಲ್ಲ ಅದರದೇ. ಊಟ ಬಿಟ್ಟರೂ ಇನ್ಸುಲಿನ್ ಪೂರ್ತಿ ಬಿಡಬಾರದು. ಜ್ವರದಲ್ಲಿ ಇನ್ನೂ ಹೆಚ್ಚು ಬೇಕಾಗಬಹುದು. ಮೂತ್ರದಲ್ಲಿ ಅದ್ದುವ ಕೀಟೋನ್ ಪಟ್ಟಿ ಮನೆಯಲ್ಲಿದ್ದರೆ, ಅದರ ಬಣ್ಣ ನೋಡಿಯೇ ತಿಳಿಯುತ್ತಿತ್ತು.

"ಬಣ್ಣ ನೋಡಿ," ಎಂದು ಹೆಂಡತಿ ಮೆಲ್ಲಗೆ ಹೇಳಿಕೊಂಡಳು. ಬಿಳಿಯಲ್ಲೇ ಏಳು ಬಗೆ ಗುರುತಿಸುತ್ತಿದ್ದ ಗಂಡಸು.

ಶುಕ್ರವಾರ ಮಧ್ಯಾಹ್ನ ಕನ್ನಡಿ ತೀರಿಕೊಂಡ.

ಟಿಂಕರ್ ಗ್ಯಾರೇಜಿಗೆ ಮರಳಿದಾಗ, ತಾನು ಬಡಿದಿಟ್ಟ ಬಾಗಿಲು ಬೋಳು ತಗಡಾಗಿಯೇ ನಿಂತಿತ್ತು. ಅದರ ಮೇಲೆ ಅಂಗೈ ಆಡಿಸಿದ. ಸುತ್ತಿಗೆಯ ಪ್ರತಿಯೊಂದು ಏಟೂ ಕೈಗೆ ಸಿಕ್ಕಿತು.