ಮೆಟ್ಟಿಲ ಮೇಲಿನ ಮಾತು

ದ್ರೌಪದಮ್ಮನವರ ಮನೆಗೆ ಬಾಡಿಗೆಗೆ ಬಂದವರು ಯಾರೂ ಮೊದಲ ದಿನ ಒಲೆ ಹಚ್ಚಿದ್ದಿಲ್ಲ. ಸಾಮಾನು ಇಳಿಯುವ ಹೊತ್ತಿಗೆ ಕೆಳಗಿನ ಮನೆಯಿಂದ ಮುದ್ದೆ, ಸೊಪ್ಪಿನ ಸಾರು ಮೇಲೆ ಹೋಗುತ್ತಿತ್ತು. ಜಕ್ಕೂರಿನ ಹಳೇ ಊರಿನಲ್ಲಿ ದನದ ಕೊಟ್ಟಿಗೆಯಿದ್ದ ಜಾಗದಲ್ಲಿ, ಗಂಡ ತೀರಿಕೊಂಡ ಮೇಲೆ, ಎದೆಗಟ್ಟಿ ಮಾಡಿಕೊಂಡು ಕಟ್ಟಡ ಎಬ್ಬಿಸಿದ ಹೆಂಗಸು. ಬಾಡಿಗೆದಾರರ ಮಗುವಿಗೆ ಜ್ವರ ಬಂದರೆ ತಾವೇ ಮಾತ್ರೆ ತಂದುಕೊಡುವರು. ಯಾರಾದರೂ ಕೆಲಸದಿಂದ ಬರುವುದು ತಡವಾದರೆ ಗೇಟಿನ ಬಳಿ ಕುರ್ಚಿ ಹಾಕಿಕೊಂಡು ಕಾಯುವರು. ತಮ್ಮಂಥ ಓನರು ಈ ಸುತ್ತಿನಲ್ಲಿ ಇಲ್ಲ ಎಂಬ ಹೆಮ್ಮೆ ಅವರಿಗಿತ್ತು.

ಒಂದು ಸಲ ಸಂಪಿನ ಮೋಟರು ಕಳುವಾಯಿತು. ಕೆಂಪಾಪುರದಲ್ಲಿ ಹೆಂಡತಿ ಮಕ್ಕಳೊಂದಿಗಿದ್ದ ಮಗ ಹೇಮಂತ ಬಾಲರಾಜು ಎಂಬುವನನ್ನು ಕರೆತಂದು ಗೇಟಿಗೆ, ಗಾಡಿ ನಿಲ್ಲಿಸುವ ಜಾಗಕ್ಕೆ, ಟೆರೇಸಿಗೆ ಹೋಗುವ ಮೆಟ್ಟಿಲಿಗೆ ಕ್ಯಾಮರಾ ಹಾಕಿಸಿದ. ಮನೆಗಳ ಬಾಗಿಲಿಗೆಲ್ಲ ನಂಬರ್ ಒತ್ತಿದರೆ ತೆರೆದುಕೊಳ್ಳುವ ಬೀಗ ಬಂತು.

"ಯಾರು ಬಾಗಿಲು ತೆಗುದ್ರೂ ನಿನ್ ಫೋನಿಗೆ ಬರ್ತದಮ್ಮ. ಕ್ಯಾಮರಾದಲ್ಲಿ ಮಾತೂ ಕೇಳ್ತದೆ," ಎಂದ.

"ನಂಗ್ಯಾಕಪ್ಪ ಇವೆಲ್ಲ?" ಎಂದರು ದ್ರೌಪದಮ್ಮ. ಆದರೆ ವಾರ ಕಳೆಯುವುದರೊಳಗೆ ಫೋನು ಟಿಂಗ್ ಎಂದಾಗಲೆಲ್ಲ ಅವರ ಕೈ ಅತ್ತ ಹೋಗುತ್ತಿತ್ತು. ಎರಡನೇ ಮನೆಯ ಉಮೇಶ್ ಆಫೀಸಿಗೆ ರಜೆ ಹಾಕಿದ್ದು, ಅವನ ಹೆಂಡತಿ ಮೋನಿಕಾ ಮುನಿಸಿಕೊಂಡು ಚೀಲ ಹಿಡಿದು ಹೋಗಿ ಸಂಜೆಗೆ ವಾಪಸು ಬಂದದ್ದು, ಎಲ್ಲ ಕೂತಲ್ಲೇ ತಿಳಿಯುತ್ತಿತ್ತು. ನಾಲ್ಕು ಜನರ ಮೇಲೆ ಕಣ್ಣಿಟ್ಟು ಕಾಪಾಡುತ್ತಿದ್ದೇನೆ ಎಂದೇ ಅವರು ತಿಳಿದಿದ್ದರು.

ಮೇಲಿನ ಮನೆಯಲ್ಲಿದ್ದವರು ಮಜೀದ್, ಮಲ್ಕಾ ದಂಪತಿ ಮತ್ತು ಮಗಳು ರುಖ್ಸಾರ್. ಮಜೀದರದು ಪೀಠೋಪಕರಣಕ್ಕೆ ಪಾಲಿಶ್ ಹಾಕುವ ಕೆಲಸ; ಹೃದಯದ ಆಪರೇಷನ್ ಆದ ಮೇಲೆ ಮನೆಯಲ್ಲೇ ಇದ್ದರು. ರುಖ್ಸಾರ್ ಪುಟ್ಟ ಮಕ್ಕಳ ಶಾಲೆಯಲ್ಲಿ ಟೀಚರು. ಮದುವೆಯಾಗಿತ್ತು, ಗಂಡ ದುಬೈನಲ್ಲಿದ್ದ. "ವೀಸಾ ಬಂದ ಕೂಡ್ಲೇ ಹೋಗ್ತಾಳೆ ಅಕ್ಕ," ಎಂದು ಮಲ್ಕಾ ಕಂಡಾಗಲೆಲ್ಲ ಹೇಳುತ್ತಿದ್ದಳು.

ಅವರದು ಬೇರೆ ರೂಮಿಲ್ಲದ ಮನೆ. ಹಾಲಿನಲ್ಲಿ ಅಪ್ಪ ಮಲಗಿರುತ್ತಿದ್ದರು, ಅಡುಗೆಮನೆಯಲ್ಲಿ ಅಮ್ಮ. ಹಾಗಾಗಿ ಸಂಜೆ ರುಖ್ಸಾರ್ ಟೆರೇಸಿನ ಮೆಟ್ಟಿಲ ತಿರುವಿಗೆ ಬಂದು ಕೂತು ಗೆಳತಿ ಅಫ್ರೀನಳೊಂದಿಗೆ ಫೋನಿನಲ್ಲಿ ಮಾತನಾಡುವಳು. ಇಬ್ಬರೂ ಚಿಕ್ಕಂದಿನಿಂದ ಜೊತೆಗೆ ಬೆಳೆದವರು, ಅಫ್ರೀನಳದು ಆರ್.ಟಿ. ನಗರದಲ್ಲಿ ಹೊಲಿಗೆ ಅಂಗಡಿ. ಆ ಕಟ್ಟಡದಲ್ಲಿ ರುಖ್ಸಾರಳಿಗೆ ತನ್ನದು ಎಂದಿದ್ದ ಜಾಗ ಆ ಮೆಟ್ಟಿಲೊಂದೇ. ತಲೆಯ ಮೇಲೆ ಗೋಡೆಗಂಟಿದ್ದ ಬಿಳಿಯ ಗುಂಡನೆಯ ವಸ್ತು ದೀಪವಿರಬಹುದೆಂದು ಅವಳೆಣಿಸಿದ್ದಳು.

ದ್ರೌಪದಮ್ಮ ಮದುವೆಯಾದ ಹೊಸದರಲ್ಲಿ ಸಾಬರ ಮನೆಗಳಿಗೆ ಹಾಲು ಹಾಕಿ ಉರ್ದು ಕಲಿತವರು. ಒಂದು ಸಂಜೆ ಫೋನಿನಲ್ಲಿ ಮೆಟ್ಟಿಲಿನ ಚಿತ್ರ ತೆರೆದಾಗ ಹುಡುಗಿ ಅಳುತ್ತಿದ್ದಳು. ಗಂಡ ಅಲ್ಲೇ ಇನ್ನೊಂದು ಸಂಸಾರ ಹೂಡಿದ್ದಾನೆ. ಬಿಡುಗಡೆ ಕೊಡು ಎಂದು ಬರೆದಿದ್ದಾನೆ. ಅಪ್ಪನ ಎದೆ ಗಟ್ಟಿಯಾಗುವವರೆಗೆ ಮನೆಯಲ್ಲಿ ಹೇಳುವಂತಿಲ್ಲ. ಕೇಳಿ ದ್ರೌಪದಮ್ಮನವರಿಗೆ ಅಯ್ಯೋ ಅನ್ನಿಸಿತು. ಮಾರನೆಯ ಸಂಜೆ ಒಲೆಯ ಮೇಲಿನ ಸಾರು ಉಕ್ಕಿದರೂ ಎದ್ದು ಹೋಗದೆ ಆ ಮಾತಿಗಾಗಿ ಕಾದರು. ಅದರ ಮಾರನೆಯ ಸಂಜೆಯೂ ಕಾದರು.

ಒಂದು ಬೆಳಿಗ್ಗೆ ಮಲ್ಕಾ ಕರಿಬೇವು ಕೀಳಲು ಕೆಳಗೆ ಬಂದಳು. "ಮಗಳಿಗೊಂದು ದೊಡ್ಡ ಸೂಟ್‌ಕೇಸ್ ತಗೋಬೇಕು ಅಕ್ಕ. ಎಲ್ಲಿ ಚೆನ್ನಾಗಿರೋದು ಸಿಗ್ತದೆ?" ಎಂದು ಕೇಳಿದಳು.

"ಅಯ್ಯೋ, ಈಗ ಅದ್ಯಾಕೆ ಮಲ್ಕಮ್ಮ? ಆ ಮುಂಡೇದು ಬುಟ್ರೆ ಬುಡ್ಲಿ. ಬಂಗಾರದಂತ ಎಣ್ಣು, ಇಂಗೇ ಇರ್ತಾಳಾ?" ಎಂದುಬಿಟ್ಟರು ದ್ರೌಪದಮ್ಮ. ಸಮಾಧಾನ ಹೇಳುವುದಷ್ಟೇ ಅವರ ಮನಸ್ಸಿನಲ್ಲಿತ್ತು. ಮಲ್ಕಾಳ ಕೈಯಲ್ಲಿದ್ದ ಕರಿಬೇವಿನ ಕಡ್ಡಿ ನೆಲಕ್ಕೆ ಬಿತ್ತು. ಆಗಲೇ ಅವರಿಗೆ ನೆನಪಾದದ್ದು, ಹುಡುಗಿ ತಾಯಿಗೂ ಇನ್ನೂ ಏನೂ ಹೇಳಿಲ್ಲ ಎಂದು.

ತಾಯಿ ಫೋನು ಮಾಡಿ ಕೇಳಿದ್ದರಿಂದ, ಮಧ್ಯಾಹ್ನ ಶಾಲೆಯಿಂದ ಬಂದ ರುಖ್ಸಾರ್ ನೇರವಾಗಿ ಕೆಳಗಿನ ಮನೆಯ ಬಾಗಿಲಿಗೆ ಬಂದು ನಿಂತಳು.

"ಆಂಟಿ, ಈ ವಿಷ್ಯ ನಿಮಗೆ ಯಾರು ಹೇಳಿದ್ರು?"

ನಿಜ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಹುಡುಗಿಯ ಕಣ್ಣು ನೋಡಿ ಅಂಜಿದರು. "ಯಾರೋ ಅಂದ್ರು ಕಣವ್ವ. ಆ ನಿನ್ನ ಗೆಳ್ತಿ ಕಡೆಯೋರು ಇರ್‍ಬೇಕು," ಎಂದರು.

ರುಖ್ಸಾರ್ ಮೆಟ್ಟಿಲು ಹತ್ತಿ ಹೋದಳು. ದ್ರೌಪದಮ್ಮನವರಿಗೆ ಫೋನು ತೆರೆಯಬಾರದು ಅನ್ನಿಸಿತು, ತೆರೆದರು. "ನಿನ್ನೊಬ್ಬಳಿಗೇ ಹೇಳಿದ್ದೆ ಅಫ್ರೀನ್," ಎನ್ನುತ್ತಿದ್ದಳು ಹುಡುಗಿ, ಈ ಸಲ ಅಳದೆ. "ಆಣೆ ಹಾಕಬೇಡ. ಇನ್ಮೇಲೆ ನನಗೆ ಫೋನ್ ಮಾಡಬೇಡ."

ದ್ರೌಪದಮ್ಮ ಫೋನನ್ನು ಮಂಚದ ಮೇಲೆ ಬೋರಲು ಹಾಕಿದರು. ಅವರ ಅತ್ತೆ ಈರವ್ವ, ಅಕ್ಷರ ತಿಳಿಯದವಳು, ನೆರೆಮನೆಗೆ ಹೋಗುವಾಗ ಅಂಗಳದಲ್ಲೇ ನಿಂತು ಕೆಮ್ಮುತ್ತಿದ್ದಳು. ಒಳಗಿನವರು ಸೆರಗು ಸರಿಮಾಡಿಕೊಳ್ಳಲಿ, ಮಾತು ನಿಲ್ಲಿಸಿಕೊಳ್ಳಲಿ ಎಂದು. ಅಂಥವಳ ಸೊಸೆ ತಾನು!

ಹೇಮಂತನಿಗೆ ಫೋನು ಮಾಡಿ, ಆ ಮೆಟ್ಟಿಲಿನದನ್ನೆಲ್ಲ ಅಳಿಸಿಬಿಡು ಎಂದರು.

"ನಮ್ ಬಿಲ್ಡಿಂಗು, ನಮ್ ಕ್ಯಾಮರಾ. ಅದ್ರಲ್ಲೇನಮ್ಮ ತಪ್ಪು?" ಎಂದ ಮಗ. "ನಾನು ಅಳಿಸಿದ್ರೂ ಕಂಪನಿಯೋರ ಹತ್ರ ಇರ್ತದೋ ಏನೋ. ಬಾಲರಾಜು ಫೋನಿಗೂ ಬರ್ತದೆ, ರಿಪೇರಿಗೆ ಬೇಕಾಗ್ತದೆ ಅಂತ ಬಿಟ್ಟಿದ್ದೀನಿ."

ಹೆತ್ತ ಮಗಳಂಥ ಹುಡುಗಿ ಸಂಜೆ ಸಂಜೆ ಅತ್ತದ್ದು ಯಾರೋ ಗಂಡಸಿನ ಜೇಬಿನಲ್ಲಿದೆ ಎಂದು ದ್ರೌಪದಮ್ಮನವರಿಗೆ ಆಗ ತಿಳಿಯಿತು.

ಮಾರನೆಯ ದಿನ ಮೇಲೆ ಹೋಗಿ ಬಾಗಿಲು ತಟ್ಟಿದರು. ಅಷ್ಟರಲ್ಲಿ ಮಲ್ಕಾಳಿಂದ ಎಲ್ಲ ತಿಳಿದಿದ್ದ ಮಜೀದ್ ಕುರ್ಚಿ ಎಳೆದು ಕೊಟ್ಟರು, ದ್ರೌಪದಮ್ಮ ಕೂರಲಿಲ್ಲ. "ಯಾರೂ ಯೋಳ್ಲಿಲ್ಲ. ನಾನೇ ಕೇಳುಸ್ಕೊಂಡೆ. ಆಮೇಲೆ ಸುಳ್ಳೂ ಯೋಳ್ದೆ," ಎಂದು ಫೋನನ್ನು ರುಖ್ಸಾರಳ ಕೈಗಿಟ್ಟರು.

ಹುಡುಗಿ ನೋಡಿದಳು. ಮೆಟ್ಟಿಲ ಮೇಲೆ ದುಪಟ್ಟಾ ಜಾರಿ, ಕೂದಲು ಕೆದರಿ, ಮೂಗು ಒರೆಸಿಕೊಳ್ಳುತ್ತಾ ಕೂತ ತನ್ನನ್ನೇ ನೋಡಿದಳು. ನೋಡುತ್ತ ನೋಡುತ್ತ ಈಗ ತಲೆಯ ಮೇಲೆ ಸರಿಯಾಗಿಯೇ ಇದ್ದ ದುಪಟ್ಟಾವನ್ನು ಇನ್ನಷ್ಟು ಮುಂದಕ್ಕೆಳೆದುಕೊಂಡಳು.

"ಇದನ್ನ ಇನ್ಯಾರು ನೋಡಿದ್ದಾರೆ ಆಂಟಿ?"

"ನನ್ ಮಗ ನೋಡ್ಬೋದು. ಕ್ಯಾಮರಾ ಹಾಕ್ದೋನೂ. ಇನ್ಯಾರೋ ನಂಗೊತ್ತಿಲ್ಲ ತಾಯಿ."

ಬೈಯಲಿ ಎಂದು ದ್ರೌಪದಮ್ಮ ಕಾದರು. ಯಾರೂ ಬೈಯಲಿಲ್ಲ. ಮಲ್ಕಾ ಗೋಡೆಯ ಕಡೆಗೆ ಮುಖ ತಿರುಗಿಸಿದಳು.

ಅಲ್ಲಿಂದ ಇಳಿದವರೇ ಆಟೋ ಹಿಡಿದು, ಕ್ಯಾಮರಾದಲ್ಲೇ ಕೇಳಿ ಗುರುತು ತಿಳಿದಿದ್ದ ಆರ್.ಟಿ. ನಗರದ ಅಫ್ರೀನಳ ಅಂಗಡಿಗೆ ಹೋದರು. ಅಂಗಡಿಯಲ್ಲಿ ಗಿರಾಕಿಗಳಿದ್ದರು. ಅವರೆಲ್ಲ ಹೋಗಲಿ ಎಂದು ಕಾದರೆ ಧೈರ್ಯ ಸೋರಿಹೋದೀತೆಂದು ಎಲ್ಲರೆದುರೇ ಅಫ್ರೀನಳಿಗೆ ನಡೆದದ್ದು ಹೇಳಿದರು. ಅವಳು ಬಟ್ಟೆ ಕತ್ತರಿಸುವುದನ್ನು ನಿಲ್ಲಿಸಿ ಕೇಳಿಸಿಕೊಂಡಳು.

"ಅವಳು ನನ್ನ ನಂಬಲಿಲ್ಲ, ಅದನ್ನ ನಾವಿಬ್ಬರು ನೋಡ್ಕೋತೀವಿ," ಎಂದಳು. "ನಾವು ಬರೀ ಅಳ್ತಾ ಇರಲಿಲ್ಲ ಆಂಟಿ. ನಗ್ತಿದ್ವಿ ಕೂಡ. ನಾವು ನಕ್ಕಾಗ ನೀವೂ ನಗ್ತಿದ್ರಾ?"

ನಕ್ಕಿದ್ದರು. ಒಂದು ಸಂಜೆ ರುಖ್ಸಾರ್ ತನ್ನ ಹೆಡ್‌ಮಿಸ್ಸಿನ ಹಾಗೆ ಮಾತಾಡಿ ತೋರಿಸಿದಾಗ ಇವರು ಕೆಳಗೆ ಒಬ್ಬರೇ ಕೂತು ಕಣ್ಣಲ್ಲಿ ನೀರು ಬರುವಂತೆ ನಕ್ಕಿದ್ದರು.

ಹೇಮಂತ ಎಷ್ಟು ರೇಗಿದರೂ ಕೇಳದೆ ದ್ರೌಪದಮ್ಮ ಮೆಟ್ಟಿಲಿನ, ಗಾಡಿ ನಿಲ್ಲಿಸುವ ಜಾಗದ ಕ್ಯಾಮರಾ ತೆಗೆಸಿದರು, ಗೇಟಿನದರಲ್ಲಿ ಮಾತು ಕೇಳದಂತೆ ಮಾಡಿಸಿದರು, ಬಾಗಿಲುಗಳಿಗೆ ಹಳೆಯ ಬೀಗ ಹಾಕಿಸಿದರು, ಬಾಲರಾಜುವಿನ ಫೋನಿನಿಂದ ಎಲ್ಲ ಕಿತ್ತುಹಾಕಿಸಿದರು. ಅವರನ್ನೂ ಫೋನಿನಲ್ಲಿ ನೋಡುತ್ತಿದ್ದೆನೆಂದು ಉಮೇಶ್, ಮೋನಿಕಾ ಇಬ್ಬರಿಗೂ ತಾವೇ ತಿಳಿಸಿದರು. ಮೋನಿಕಾ ಆಮೇಲೆ ಅವರೆದುರು ಮೊದಲಿನಂತೆ ಮಾತನಾಡಲಿಲ್ಲ.

ಮಜೀದರ ಸಂಸಾರ ಅಬ್ಬಿಗೆರೆಗೆ ಮನೆ ಬದಲಿಸಿತು. ಸಾಮಾನು ಏರಿಸಲು ಅಫ್ರೀನಳೂ ಬಂದಿದ್ದಳು. ಗೆಳತಿಯರಿಬ್ಬರೂ ಒಂದು ಟ್ರಂಕನ್ನು ಎರಡು ಬದಿ ಹಿಡಿದು ಇಳಿಸಿದ್ದನ್ನು ದ್ರೌಪದಮ್ಮ ಬಾಗಿಲ ಸಂದಿಯಿಂದ ನೋಡಿ, ಹಾಗೆ ನೋಡುವುದೂ ಬೇಡವೆಂದು ಒಳಗೆ ಸರಿದರು.

ಖಾಲಿ ಮನೆ ನೋಡಲು ಹೊಸದಾಗಿ ಮದುವೆಯಾದ ಜೋಡಿಯೊಂದು ಬಂತು. "ಗೇಟಲ್ಲೊಂದು ಕ್ಯಾಮರಾ ಐತೆ, ಮಾತು ಕೇಳಲ್ಲ. ಬೇರೆಲ್ಲೂ ಇಲ್ಲ," ಎಂದರು ದ್ರೌಪದಮ್ಮ. ನಾವು ವಿಚಾರಿಸದಿದ್ದರೂ ಇದನ್ನೇಕೆ ಹೇಳುತ್ತೀರಿ ಎಂದು ಆ ಹೆಣ್ಣುಮಗಳು ಅಚ್ಚರಿಪಟ್ಟಳು. ತಲೆ ತಗ್ಗಿಸಿ, ಮುಚ್ಚಿಡದೆ, ಕಾರಣವನ್ನೂ ಹೇಳಿದರು. ಜೋಡಿ ಮುಖ ಮುಖ ನೋಡಿಕೊಂಡು, ಫೋನ್ ಮಾಡ್ತೀವಿ ಎಂದು ಹೊರಟುಹೋಯಿತು. ಮನೆ ಬಹಳ ದಿನ ಖಾಲಿ ಬಿತ್ತು. ನೋಡಲು ಬಂದವರಿಗೆಲ್ಲ ದ್ರೌಪದಮ್ಮ ಅದನ್ನೇ ಹೇಳುತ್ತಿದ್ದರು.