ನೆಲ ಡೊಂಕು

ಮಗಳು ಕಾಲೇಜಿಗೆಂದು ಊರಿಗೆ ಹೋದ ವಾರವೇ ಅವಳ ಖಾಲಿ ಕೋಣೆಯ ಮೇಲೆ ನಾನು ಕಣ್ಣು ಹಾಕಿದ್ದೆ. ಮಸ್ಕತ್ತಿನ ಅಲ್ ಮವಾಲೇಹ್‌ನ ನಮ್ಮ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಹದಿನೆಂಟು ವರ್ಷ ಅಡುಗೆಮನೆಯೊಂದೇ ನನ್ನದಾಗಿತ್ತು. ಅದೂ ಬೇರೆ ಯಾರೂ ಕೇಳದೆ ಇದ್ದದ್ದರಿಂದ. ನಾನು ಉಡುಪಿ ಕಡೆಯ ಪಾಲಿಟೆಕ್ನಿಕ್ಕಿನಲ್ಲಿ ಮೆಕ್ಯಾನಿಕಲ್ ಓದಿದವಳು. ಹುಡುಗರ ನಡುವೆ ನಿಂತು ಕಬ್ಬಿಣಕ್ಕೆ ಅರ ಉಜ್ಜಿ, ಮೇಷ್ಟರಿಂದ ಸೈ ಅನ್ನಿಸಿಕೊಂಡವಳು. ಮದುವೆಯಾಗಿ ಮಸ್ಕತ್ತಿಗೆ ಬಂದಮೇಲೆ ಆ ವಿದ್ಯೆಯೆಲ್ಲ ಕುಕ್ಕರಿನ ಹಿಡಿಗೆ ಸ್ಕ್ರೂ ಬಿಗಿಯುವುದಕ್ಕೆ ಬಂದು ನಿಂತಿತ್ತು. ಈಗ ನನಗೊಂದು ಬೆಂಚು ಬೇಕಿತ್ತು. ಕೂರುವ ಬೆಂಚಲ್ಲ, ಸಾಮಾನನ್ನು ಕಚ್ಚಿ ಹಿಡಿಯುವ ವೈಸು ಕೂರಿಸಿ, ಮರ ಕೊಯ್ದು, ಸುತ್ತಿಗೆ ಬಡಿದು ಕೆಲಸ ಮಾಡುವ ಬೆಂಚು.

ಆದರೆ ಆಗ ಕಚ್ಚಾ ಎಣ್ಣೆಯ ಬೆಲೆ ಬಿದ್ದಿತ್ತು. ಖುರುಮ್‌ನಲ್ಲಿ ನಮ್ಮವರ ಆಫೀಸಿನ ಓವರ್‌ಟೈಮ್ ಖಲಾಸ್ ಆಗಿತ್ತು. ಎಷ್ಟೋ ಗಂಡಸರು ಹೆಂಡತಿ ಮಕ್ಕಳನ್ನು ಊರಿಗೆ ಕಳಿಸಿ ತಮಗೊಂದು ಕೋಣೆ ಹುಡುಕುತ್ತ ತಿರುಗುತ್ತಿದ್ದರು. ನಮ್ಮವರ ಆಫೀಸಿನಲ್ಲೇ ಸಿವಿಲ್ ವಿಭಾಗದ ಒಬ್ಬರು ಮೈಸೂರಿನವರು ಹಾಗೆ ಒಂಟಿಯಾಗಿ, ಯಾರದೋ ಮನೆಯ ಹಾಲಿನಲ್ಲಿ ಐದು ಜನರ ಜೊತೆ ಚಾಪೆ ಹಾಸುತ್ತಿದ್ದರು. ಕೋಣೆ ಅವರಿಗೆ ಕೊಟ್ಟರೆ ಬಾಡಿಗೆಯ ಭಾರ ನಮಗೂ ಹಗುರ ಎಂದು ನಮ್ಮವರ ಲೆಕ್ಕ. ಸುತರಾಂ ಆಗದು ಎಂದೆ. ಎರಡು ದಿನ ಮನೆಯಲ್ಲಿ ಸೌಟು ಪಾತ್ರೆಗಳು ಮಾತ್ರ ಮಾತಾಡಿದವು. ಮೂರನೇ ದಿನ ಅವರು ರಾಜಿಗೆ ಬಂದರು.

"ಒಂದು ತಿಂಗಳು ಕೊಡ್ತೇನೆ ಮಾರಾಯ್ತಿ. ಬೆಂಚಿನ ಮೇಲೆ ಒಂದು ಲೋಟ ತುಂಬ ನೀರಿಡುವ. ನಾನು ಮೂಲೆ ಒತ್ತುವಾಗ ಚೆಲ್ಲದಿದ್ರೆ ಕೋಣೆ ನಿಂದು. ಚೆಲ್ಲಿದ್ರೆ ಅವರದ್ದು."

ಆ ತಿಂಗಳು ನನ್ನ ಕಾಲು ನೆಲದ ಮೇಲಿರಲಿಲ್ಲ. ಮೇಲಿನ ಮನೆಯವರು ಊರಿಗೆ ಹೊರಟಿದ್ದರು. ಎಲ್ಲರೂ ಅವರ ಸೋಫಾ, ಫ್ರಿಜ್ಜಿಗೆ ಮುತ್ತಿದರೆ ನಾನು ಆರೂವರೆ ಅಡಿಯ ಊಟದ ಮೇಜನ್ನು ತಟ್ಟಿ ತಟ್ಟಿ ನೋಡಿ, ಅದರ ಹಲಗೆ ಎತ್ತಿಕೊಂಡು ಬಂದೆ. ಬರ್ಕಾದ ಮರದಂಗಡಿಯಲ್ಲಿ ಕಾಲಿಗೆಂದು ನಾಲ್ಕು ದಪ್ಪ ತುಂಡು ಆರಿಸಿದೆ. ಅವು ಕಾರಿನ ಕಿಟಕಿಯಿಂದ ಹೊರಗೆ ಚಾಚಿದವು. ತುದಿಗೆ ನನ್ನ ಕೆಂಪು ದುಪಟ್ಟಾ ಕಟ್ಟಿ, ಹೆದ್ದಾರಿಯುದ್ದಕ್ಕೂ ಅದು ಪಟಪಟ ಹಾರುವುದನ್ನು ನೋಡಿ ನಗುತ್ತಲೇ ಬಂದೆ. ನಮ್ಮವರು ಮುಖ ಊದಿಸಿಕೊಂಡು ಡ್ರೈವ್ ಮಾಡಿದರು.

ಹಲಗೆಯ ಒಂದು ತುದಿಗೆ ವೈಸು ಕೂರಿಸಿದೆ. ಹಿಡಿಯಲು ಬೇರೇನೂ ಸಿಗದೆ ಒಂದು ತೆಂಗಿನಕಾಯಿ ಸಿಕ್ಕಿಸಿ ಬಿಗಿದೆ. ಜಪ್ಪಯ್ಯ ಎಂದರೂ ಅಲುಗಲಿಲ್ಲ. ಗೋಡೆಗೆ ಪ್ಲೈವುಡ್ ಹೊಡೆದು ಉಳಿ, ಗರಗಸ, ಸುತ್ತಿಗೆ, ಸಮ ನೋಡುವ ರಸಮಟ್ಟ ಎಲ್ಲವನ್ನೂ ತೂಗುಹಾಕಿ, ಒಂದೊಂದರ ಸುತ್ತ ಪೆನ್ಸಿಲ್ಲಿನಿಂದ ಗೆರೆ ಎಳೆದೆ. ದಿನಕ್ಕೆ ಹತ್ತು ಸಲ ಹೋಗಿ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಸಾರು ಎರಡು ಸಲ ತಳ ಹಿಡಿಯಿತು.

ಕಾಲು ಕೂರಿಸಿ ಎತ್ತಿ ನಿಲ್ಲಿಸಿದೆ. ಬೆಂಚು ಕುಂಟಿತು.

ನಾಲ್ಕೂ ಕಾಲು ಅಳೆದೆ. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಆದರೂ ಕುಂಟಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಮಾತು ಕೇಳಿ ಬೆಳೆದವಳಿಗೆ ನೆಲದ ಮೇಲೆ ಅನುಮಾನ ಪಡುವ ಧೈರ್ಯ ಎಲ್ಲಿಂದ ಬರಬೇಕು? ತಪ್ಪು ನನ್ನದೇ, ಕೊಯ್ದದ್ದೇ ಓರೆಯಾಗಿದೆ ಎಂದುಕೊಂಡು ಬೆಂಚನ್ನು ಮಗುಚಿ, ನಾಲ್ಕೂ ಕಾಲನ್ನು ಒಂದೊಂದು ಇಂಚು ಮತ್ತೆ ಸಮ ಮಾಡಿ ಕೊಯ್ದೆ. ಎತ್ತಿದರೆ ಅದೇ ಕುಂಟು. ಮತ್ತೆ ಕೊಯ್ದೆ, ಮತ್ತೆ ಮತ್ತೆ ಕೊಯ್ದೆ. ಒಂದು ಕಾಲು ಸೀಳಿಕೊಂಡಿತು. ಅದರ ಸಲುವಾಗಿ ನಾಲ್ಕಕ್ಕೂ ಐದಿಂಚು ಹೋಯಿತು. ಸೊಂಟದ ಮಟ್ಟದಲ್ಲಿದ್ದ ಬೆಂಚು ತೊಡೆಗೆ ಬಂತು, ತೊಡೆಯಿಂದ ಮೊಣಕಾಲಿಗೆ ಬಂತು. ವಿಡಿಯೋ ಕಾಲಿನಲ್ಲಿ ನೋಡುತ್ತಿದ್ದ ಮಗಳು "ಅಮ್ಮಾ, ಇಟ್ಸ್ ಶ್ರಿಂಕಿಂಗ್" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಹಟಕ್ಕೆ ಬಿದ್ದು ನಾನೂ ನಕ್ಕೆ. ಇನ್ನು ನಿಂತು ಅಲ್ಲ, ಮಣೆಯ ಮೇಲೆ ಕೂತೇ ಕೆಲಸ ಮಾಡುವುದು ಎಂದು ತೀರ್ಮಾನಿಸಿದೆ.

ತಿಂಗಳು ಮುಗಿದ ಶುಕ್ರವಾರ ಆ ಮೈಸೂರಿನವರು ಮಧ್ಯಾಹ್ನದ ಊಟಕ್ಕೆ ಬಂದರು. ಊಟದ ನೆವದಲ್ಲಿ ಕೋಣೆ ನೋಡಲು. ಅವರನ್ನು ಚೆನ್ನಾಗಿ ದ್ವೇಷಿಸಬೇಕೆಂದು ನಾನು ಬೆಳಿಗ್ಗೆಯಿಂದ ತಯಾರಿ ನಡೆಸಿದ್ದೆ. ಆ ಮನುಷ್ಯ ತಲೆ ತಗ್ಗಿಸಿ ಮೂರು ಸಲ ಸಾರು ಹಾಕಿಸಿಕೊಂಡು, ತಟ್ಟೆ ತಾವೇ ತೊಳೆಯಲು ಹೋದಾಗ ಅರ್ಧ ದ್ವೇಷ ಅಲ್ಲೇ ಕರಗಿತು.

ಊಟವಾದ ಮೇಲೆ ಪರೀಕ್ಷೆ. ನಮ್ಮವರು ಅಂಚಿನವರೆಗೆ ನೀರು ತುಂಬಿದ ಲೋಟವನ್ನು ಬೆಂಚಿನ ನಡುವೆ ಇಟ್ಟು, ಒಂದು ಮೂಲೆಯನ್ನು ಎರಡೇ ಬೆರಳಿನಲ್ಲಿ ಒತ್ತಿದರು. ಬೆಂಚು ಟಕ್ಕೆಂದಿತು, ನೀರು ಚೆಲ್ಲಿ ಹಲಗೆಯ ಮೇಲೆ ಹರಿಯಿತು. ನನಗೆ ಅಳು ಬಂತು. ನಲವತ್ತು ದಾಟಿದ ಹೆಂಗಸು ಒಂದು ಲೋಟ ನೀರಿಗಾಗಿ ಪರರ ಮುಂದೆ ಅಳುವುದೇ ಎಂದು ಸೆರಗಿನಿಂದ ಹಲಗೆ ಒರೆಸುತ್ತ ನಿಂತೆ.

ಕೋಣೆ ಆಗ ಮೈಸೂರಿನವರದ್ದೇ ಆಗಿತ್ತು. ಸುಮ್ಮನಿದ್ದಿದ್ದರೆ ಸಂಜೆಗೇ ಪೆಟ್ಟಿಗೆ ತರಬಹುದಿತ್ತು. ಅವರು ಗೋಡೆಯ ರಸಮಟ್ಟ ತೆಗೆದು, ಬಗ್ಗಿ, ಬೆಂಚಿನ ಕಾಲಿನ ಪಕ್ಕ ನೆಲದ ಮೇಲಿಟ್ಟರು. ಒಳಗಿನ ಗುಳ್ಳೆ ಒಂದು ತುದಿಗೆ ಓಡಿತು. ಪಕ್ಕದ ಟೈಲಿಗೆ ಇಟ್ಟರು. ಇನ್ನೊಂದು ತುದಿಗೆ ಓಡಿತು.

"ಮೇಡಂ, ನೀವು ಮಾಡಿರೋದು ಸರಿಯಾಗೇ ಇದೆ," ಎಂದರು ಮೆಲ್ಲಗೆ. "ಇಲ್ಲಿ ನೆಲಾನೇ ಡೊಂಕು."

ನಾನೂ ನಮ್ಮವರೂ ಮುಖ ಮುಖ ನೋಡಿಕೊಂಡೆವು. ಮೊದಲು ನಮ್ಮವರಿಗೇ ತಡೆಯಲಾಗಲಿಲ್ಲ. ಗೋಡೆ ಹಿಡಿದು ನಗುತ್ತ ನಗುತ್ತ ಕೆಳಗೇ ಕೂತುಬಿಟ್ಟರು. ನಾನು ಕುಣಿದೆ. ನಿಜವಾಗಿ, ಸೆರಗು ಸಿಕ್ಕಿಸಿಕೊಂಡು, ಆ ಡೊಂಕು ನೆಲದ ಮೇಲೆಯೇ ಕುಣಿದೆ. ಮೂವರೂ ಸೇರಿ ಬೆಂಚನ್ನು ಎದುರಿನ ಗೋಡೆಗೆ ಒಯ್ದೆವು. ಅಲ್ಲಿ ನೆಲ ಸಮವಾಗಿತ್ತು. ಲೋಟ ತುಂಬಿಸಿ ನಮ್ಮವರು ಎರಡೂ ಕೈಯಲ್ಲಿ ಒತ್ತಿದರು, ಸಾಲದೆಂದು ಗುದ್ದಿದರು. ಒಂದು ಹನಿ ಚೆಲ್ಲಲಿಲ್ಲ. ಕೋಣೆ ನನ್ನದಾಯಿತು.

ಮೈಸೂರಿನವರು ನಗುತ್ತಲೇ ಚಪ್ಪಲಿ ಹುಡುಕಲು ಹೊರಟರು. ಬೇರೆ ಕಡೆ ಯಾರೋ ಹೇಳಿದ್ದಾರೆ, ನೋಡ್ತೀನಿ ಎಂದರು. ಯಾರೂ ಹೇಳಿರಲಿಲ್ಲ ಎಂಬುದು ಅವರ ಮುಖದಲ್ಲೇ ಇತ್ತು. ನಾನು ಬೆಂಚನ್ನು ನೋಡಿದೆ. ಉದ್ದ ಆರೂವರೆ ಅಡಿ, ಎತ್ತರ ಮೊಣಕಾಲಿನಷ್ಟು.

"ಆಫೀಸಿಗೆ ನೀವು ಎಷ್ಟು ಗಂಟೆಗೆ ಹೊರಡುದು?" ಎಂದು ಕೇಳಿದೆ.

"ಏಳೂವರೆಗೆ, ಮೇಡಂ. ಬರೋ ಹೊತ್ತಿಗೆ ಆರಾಗತ್ತೆ."

"ನಂಗೆ ಬೇಕಾದ್ದು ಅಷ್ಟೇ ಹೊತ್ತು."

ಅವರಿಗೆ ಅರ್ಥವಾಗಲು ಸ್ವಲ್ಪ ಸಮಯ ಹಿಡಿಯಿತು. ನಮ್ಮವರೇ ಹೋಗಿ ಒಂದು ಹಾಸಿಗೆ ತಂದು ಬೆಂಚಿನ ಮೇಲೆ ಹಾಸಿದರು. ಮೈಸೂರಿನವರು ಸಂಕೋಚದಿಂದ ಕೂತು, ಆಮೇಲೆ ಮೆಲ್ಲಗೆ ಕಾಲು ಚಾಚಿದರು. ಪಾದಕ್ಕೆ ವೈಸು ತಗುಲಿತು; ಇದನ್ನು ರಾತ್ರಿ ಹೊತ್ತು ಬಿಚ್ಚಿಡಬಹುದಾ ಎಂದು ಕೇಳಿದರು. ವೈಸಿನ ಸುದ್ದಿಗೆ ಬಂದರೆ ಜಾಗ್ರತೆ, ಕಾಲು ಮಡಚಿ ಎಂದೆ. ಮಡಚಿದರು.

ನಾನು ಚಹಾ ಮಾಡಿ ತರುವಷ್ಟರಲ್ಲಿ ಆ ಮನುಷ್ಯ ಬಾಯಿ ತೆರೆದು ನಿದ್ದೆ ಹೋಗಿದ್ದರು. ಮೂಲೆಯಲ್ಲಿದ್ದ ಗರಗಸದ ಪುಡಿಯನ್ನು ಗುಡಿಸಬೇಕೆಂದಿದ್ದೆ, ಪೊರಕೆ ಕೆಳಗಿಟ್ಟೆ. ಹದಿನೆಂಟು ವರ್ಷಕ್ಕೆ ಸಿಕ್ಕಿ ಅರ್ಧ ಗಂಟೆಯೂ ಆಗದ ನನ್ನ ಕೋಣೆಯ ಬಾಗಿಲನ್ನು ಸದ್ದಾಗದಂತೆ ಮುಂದೆ ಮಾಡಿ, ಹೊರಗೆ ಬಂದೆ.