ಮೋಡಕ್ಕೆ ಹಾಕಿದ ಬೇಲಿ

ಮಕ್ಕಳೇ, ರಂಗೋಲಿ ಇಡಲು ಬಗ್ಗುವ ಮೊದಲು ನಾನು ಸೆರಗಿನ ತುದಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುವುದನ್ನು ನೀವು ನೋಡಿದ್ದೀರಿ. ವೈಟ್‌ಫೀಲ್ಡಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ವಾರಕ್ಕೊಮ್ಮೆ ನಡೆಯುವ ಚಿತ್ರಕಲೆಯ ತರಗತಿಯಲ್ಲಿ ಮಾತ್ರ, ಗುರುತಿಲ್ಲದವರ ಮುಂದೆ ನಾಚಿಕೆಯಾಗಿ, ಅದನ್ನು ಹೆಗಲ ಸುತ್ತ ಹೊದ್ದು ಕೂರುತ್ತಿದ್ದೆ.

ಕಲಿಸುವ ಶೈಲಜಾ ನನಗೆ ನಕಲು ಮಾಡಲು ಕೊಟ್ಟದ್ದು ಬಿರುಗಾಳಿಯ ಚಿತ್ರ: ಕಪ್ಪು ಬೆಟ್ಟ, ಕವಿದ ಮೋಡ, ಕೆಳಗೆ ಉಗುರಿನಷ್ಟು ಎತ್ತರದ ಒಬ್ಬ ಗಂಡಸು, ನಾಲ್ಕು ಹೆಜ್ಜೆ ಹಿಂದೆ ಒಬ್ಬ ಹೆಂಗಸು. ಆ ಗಂಡಸಿನ ಮೇಲೆ ನನಗೆ ಮೊದಲ ದಿನವೇ ಅನುಮಾನ. ಅಂಥ ಗಾಳಿಯಲ್ಲಿ ಜೊತೆಯವಳನ್ನು ತಿರುಗಿಯೂ ನೋಡದೆ ಎಲ್ಲಿಗೆ ಹೊರಟಿದ್ದಾನೆ? ನಿಮ್ಮ ತಾತನೂ ಹಾಗೆಯೇ ಮುಂದೆ ಮುಂದೆ ನಡೆದವರು. ಕೊನೆಗೆ ಹೋದದ್ದೂ ಹಾಗೆಯೇ.

ರಂಗೋಲಿಯ ಗೆರೆ ಎಲ್ಲೂ ಬಾಯಿ ಬಿಟ್ಟಿರಬಾರದೆಂದು ಕಲಿತ ಕೈ ನನ್ನದು. ಮೋಡದ ಅಂಚನ್ನೂ ಸುತ್ತ ಮುಚ್ಚಿಬಿಟ್ಟೆ.

"ಮೋಡಕ್ಯಾಕೆ ಆಂಟಿ ಬೇಲಿ ಹಾಕ್ತೀರಾ? ಹಂಗೇ ಬಿಟ್ಬಿಡಿ," ಎಂದು ಶೈಲಜಾ ನಕ್ಕರು.

ಬಿಡಲು ಕೈಗೆ ಬರಲಿಲ್ಲ. ಹಸಿ ಹಾಳೆಯನ್ನು ಅಲ್ಲೇ ಒಣಗಲು ಬಿಟ್ಟು ಎದ್ದುಬಂದೆ. ಮುಂದಿನ ವಾರ ನೋಡಿದರೆ, ಬೆಟ್ಟದ ಬಲಕ್ಕೆ ಬೇಲಿ ಒಡೆದು ಮೋಡ ಮೆಲ್ಲಗೆ ಆಕಾಶಕ್ಕೆ ಹರಡಿತ್ತು. ಇಡೀ ಚಿತ್ರದಲ್ಲಿ ಜೀವವಿದ್ದ ಜಾಗ ಅದೊಂದೇ. ಆದ್ದರಿಂದಲೇ ಅದು ನನ್ನದಲ್ಲವೆಂದು ಖಾತ್ರಿಯಾಯಿತು. ಅಪಾರ್ಟ್‌ಮೆಂಟಿನ ಪ್ರದರ್ಶನಕ್ಕಾಗಿ ಎಲ್ಲರೂ ಚಿತ್ರದ ಕೆಳಗೆ ಹೆಸರು ಬರೆಯುತ್ತಿದ್ದರು. ಇನ್ನೊಬ್ಬರು ತಿದ್ದಿದ್ದಕ್ಕೆ ನನ್ನ ಹೆಸರೇ? ನೀವೇ ತಿದ್ದಿದಿರಾ ಎಂದು ಧೈರ್ಯ ಮಾಡಿ ಕೇಳಿದೆ. ಮುಟ್ಟೇ ಇಲ್ಲ ಎಂದರು ಶೈಲಜಾ. ಅವರ ಬೆರಳಿಗೆ ಅಂಟಿದ್ದ ಬಣ್ಣವನ್ನೇ ನೋಡುತ್ತ, ಹೆಸರು ಬರೆಯದೆ ಮನೆಗೆ ಬಂದೆ.

ಮರುದಿನ ಬೆಳಿಗ್ಗೆ, ಹಿಂದಿನ ವಾರ ತರಗತಿಗೆ ಉಟ್ಟು ಮಡಿಸಿಟ್ಟಿದ್ದ ಸೀರೆಯನ್ನುಟ್ಟು ರಂಗೋಲಿಗೆ ಬಗ್ಗಿದೆ. ಸಿಕ್ಕಿಸಿಕೊಳ್ಳಲು ಸೆರಗಿನ ತುದಿ ಹಿಡಿದರೆ, ಅಲ್ಲಿ ಮೋಡದ ಬೂದು ಬಣ್ಣ ಒಣಗಿ ಕೂತಿತ್ತು. ಎದ್ದುಬರುವಾಗ ಹಸಿ ಹಾಳೆಯ ಮೇಲೆ ಹರಿದಾಡಿದ್ದು ನನ್ನದೇ ಸೆರಗು.

ಮುಂದಿನ ತರಗತಿಗೆ ಅದೇ ಸೀರೆಯುಟ್ಟು ಹೋಗಿ ಶೈಲಜಾ ಎದುರು ನಿಂತೆ. ತಪ್ಪಾಯಿತೆನ್ನುವ ಬದಲು ಸೆರಗಿನ ತುದಿಯನ್ನು ಮುಂದೆ ಹಿಡಿದೆ. ಅವರು ಅದನ್ನೂ ಚಿತ್ರವನ್ನೂ ನೋಡಿದರು.

"ಸಹಿ ಯಾರ್ದೀಗ ಆಂಟಿ? ನಿಮ್ದಾ, ಸೀರೇದಾ?"

ನನ್ನದನ್ನೇ ಹಾಕಿದೆ. ಅದಕ್ಕೂ ಮೊದಲು ಎಡಗಡೆಯ ಬೇಲಿಗೂ ನೀರು ಸವರಿ, ಸೆರಗಿನ ತುದಿಯಿಂದ ಮೆಲ್ಲಗೆ ಎಳೆದು, ಎಲ್ಲರೆದುರಿಗೇ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಮೋಡ ಈಗ ಎರಡೂ ಕಡೆಗೆ ಹರಡಿದೆ. ಆ ಗಂಡಸನ್ನು ಮಾತ್ರ ನಾನಿನ್ನೂ ನಂಬಿಲ್ಲ. ಅವನ ಸುತ್ತಲಿನ ಗೆರೆಯನ್ನು ಮುಚ್ಚಿಯೇ ಇಟ್ಟಿದ್ದೇನೆ, ಎಲ್ಲಿಗೂ ಹೋಗದ ಹಾಗೆ.